ಶಕ್ತಿ ಬೆಟ್ಟದಷ್ಟಿದೆ, ನಿರ್ಧಾರ ಯಾರದ್ದು?

ತುಂಗೆದಂಡೆ:
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಸ್ಪಾಯ್ಲರ್ ತುಂಬಾ ಇರುತ್ತದೆ. ಟ್ವೆಲ್ವ್ ಕಿಂಗ್‌ಡಮ್ಸ್, ಅಟ್ಯಾಕ್ ಆನ್ ಟೈಟನ್, ಮಡೋಕಾ ಮ್ಯಾಜಿಕಾ ಅನ್ನುವ ಅನಿಮೆಗಳನ್ನು (ಜಪಾನಿನ ಅನಿಮೇಷನ್ ಸರಣಿಗಳನ್ನು) ನೋಡದವರು ನೋಡಿಕೊಂಡು ಬಂದರೆ ಒಳ್ಳೆಯದು.

ಫ್ಯಾಂಟಸಿ ಅನಿಮೆ ಬಗ್ಗೆ ಎಲ್ಲಿ ಮಾತು ಶುರುವಾದರೂ ಕೊನೆಗೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಯಾರಿಗೆ ಬಲ ಜಾಸ್ತಿ? ಇಬ್ಬರೂ ಎದುರುಬದುರಾದರೆ ಗೆಲ್ಲೋದು ಯಾರು? ನನಗೆ ಆ ಲೆಕ್ಕದ ಮೇಲೆ ಆಸಕ್ತಿ ಹೋಗಿ ಬಹಳ ಕಾಲವಾಯಿತು. ಕೇಳಬೇಕಾದ್ದು ಬೇರೆ ಇದೆ. ಈ ಪಾತ್ರ ತನಗೆ ಸಿಕ್ಕ ಶಕ್ತಿಯನ್ನು ಬೇಡ ಅನ್ನಬಹುದಿತ್ತಾ? ಬೇಡ ಅನ್ನೋಕೆ ಕಥೆ ಅವರಿಗೆ ಜಾಗ ಬಿಟ್ಟಿದೆಯಾ?

ನನ್ನ ಮಟ್ಟಿಗೆ ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದ್ದು ಟ್ವೆಲ್ವ್ ಕಿಂಗ್‌ಡಮ್ಸ್. 2002ರಲ್ಲಿ ಶುರುವಾಗಿ 2003ರಲ್ಲಿ ಮುಗಿದ 45 ಕಂತುಗಳ ಸರಣಿ. ಫುಯುಮಿ ಒನೊ ಅವರ ಕಾದಂಬರಿಗಳನ್ನು ಆಧರಿಸಿದ್ದು. ಯೋಕೊ ಜಪಾನಿನ ಒಬ್ಬ ಹೈಸ್ಕೂಲ್ ಹುಡುಗಿ. ಅಪ್ಪ ಅಮ್ಮ, ಟೀಚರು, ಗೆಳತಿಯರು, ಎಲ್ಲರ ಮನಸ್ಸು ಕಾಯ್ದುಕೊಂಡು ಬದುಕುವವಳು. ಒಂದು ದಿನ ಕೇಕಿ ಅನ್ನುವ ಅಪರಿಚಿತ ಶಾಲೆಗೇ ಬಂದು ಅವಳ ಕಾಲಿಗೆ ಹಣೆ ಹಚ್ಚುತ್ತಾನೆ. ಪ್ರಮಾಣದ ಮಾತು ಏನೋ ಹೇಳಿ, ಒಪ್ಪಿದೆ ಅನ್ನಿ ಅಂತ ಒತ್ತಾಯ ಮಾಡುತ್ತಾನೆ. ಅಪಾಯ ಮೈಮೇಲೆ ಬರುತ್ತಿದೆ. ಅವಳು ಗಾಬರಿಯಲ್ಲಿ ಹೂಂ ಅಂದುಬಿಡುತ್ತಾಳೆ. ಅಷ್ಟೇ. ಆ ಒಂದು ಮಾತಿಗೆ ಅವಳು ಕೇ ರಾಜ್ಯದ ದೊರೆಯಾದಳು. ಆದರೆ ಅದು ಅವಳಿಗೇ ಗೊತ್ತಿಲ್ಲ.

ಮುಂದಿನದು ಇನ್ನೂ ಕಷ್ಟದ್ದು. ಕೇಕಿ ಜೋಯೂ ಅನ್ನುವ ಜೀವಿಯನ್ನು ಅವಳ ಮೈಯೊಳಗೆ ಸೇರಿಸುತ್ತಾನೆ. ಕತ್ತಿ ಹಿಡಿದು ಗೊತ್ತಿಲ್ಲದ ಹುಡುಗಿ ಈಗ ರಾಕ್ಷಸರನ್ನು ಕಡಿದು ಹಾಕುತ್ತಾಳೆ. ಕೈ ಬೀಸುವುದು, ಕಾಲು ಹಿಂದೆ ಸರಿಯುವುದು, ಸೊಂಟ ತಿರುಗುವುದು, ಯಾವುದೂ ಅವಳದ್ದಲ್ಲ. ಅವಳಿಗೆ ಹೇಸಿಗೆ, ಹೆದರಿಕೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾಳೆ. ಕಣ್ಣು ಮುಚ್ಚಬೇಡಿ ಅಂತ ಅದಕ್ಕೂ ಬೈಸಿಕೊಳ್ಳುತ್ತಾಳೆ. ಪರದೆ ಮೇಲೆ ನೋಡಿದರೆ ಭರ್ಜರಿ ಫೈಟ್. ಆದರೆ ಆ ದೇಹದಲ್ಲಿ ಯೋಕೊಗೆ ಸೇರಿದ್ದು ಅಂತ ಉಳಿದಿರುವುದು ಎರಡು ರೆಪ್ಪೆ ಮಾತ್ರ.

ಬಲ ಮತ್ತು ಸ್ವಂತ ನಿರ್ಧಾರ ಎರಡೂ ಬೇರೆ ಬೇರೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಗೊತ್ತಿಲ್ಲ. ನಿಮ್ಮ ಉದಾಹರಣೆಗಳೇನು?

ರಾತ್ರಿಪಾಳಿ:
ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಒಂದು ತಕರಾರು ಇದೆ.

ಜೋಯೂ ಇಲ್ಲದಿದ್ದರೆ ಯೋಕೊ ಮೊದಲ ರಾತ್ರಿಯೇ ಸತ್ತಿರುತ್ತಿದ್ದಳು. ಸತ್ತವರಿಗೆ ಯಾವ ನಿರ್ಧಾರ? ಮೊದಲು ಬಲ ಬರಬೇಕು, ಆಮೇಲೆ ಆಯ್ಕೆಯ ಮಾತು. ಬಲ ಇಲ್ಲದವನು ಬೇಡ ಅಂದರೆ ಕೇಳುವವರು ಯಾರಿದ್ದಾರೆ? ಫ್ಯಾಂಟಸಿ ಲೋಕದಲ್ಲಂತೂ ದಾರಿಯಲ್ಲಿ ಹೋಗುವ ಪ್ರತಿಯೊಂದು ಮೃಗವೂ ನಿಮ್ಮನ್ನು ತಿನ್ನೋಕೆ ಕಾಯುತ್ತಿರುತ್ತದೆ. ಅಲ್ಲಿ ಬಲವೇ ಸ್ವಾತಂತ್ರ್ಯದ ಮೊದಲ ಕಂತು ಅಂತ ನನ್ನ ವಾದ.

ಕೆಂಪುಗೂಡು:
ಟ್ವೆಲ್ವ್ ಕಿಂಗ್‌ಡಮ್ಸ್ ಹೆಸರು ನೋಡಿ ಓಡಿಬಂದೆ. ಯೋಕೊ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಿರಿನ್‌ಗಳ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಆ ಲೋಕದಲ್ಲಿ ದೊರೆಯನ್ನು ಆರಿಸುವುದು ಕಿರಿನ್, ಅಂದರೆ ಮನುಷ್ಯರೂಪವನ್ನೂ ತಾಳುವ ದೈವಿಕ ಮೃಗ. ಯೋಕೊಳನ್ನು ಆರಿಸಿದ ಕೇಕಿಯೂ ಕಿರಿನ್ನೇ. ಕೇಳೋಕೆ ಎಂಥಾ ದೊಡ್ಡ ಅಧಿಕಾರ! ಆದರೆ ತೈಕಿಯ ಕಥೆ ನೆನಪಿಸಿಕೊಳ್ಳಿ. ಅವನೂ ಕಿರಿನ್, ಪುಟ್ಟ ಹುಡುಗ. ಗ್ಯೋಸೊ ಅನ್ನುವ ಸೇನಾಧಿಪತಿಯ ಎದುರು ನಿಂತಾಗ ಅವನಿಗೆ ದೇವರ ಸೂಚನೆ ಬಂದಂತೆ ಅನಿಸಲಿಲ್ಲ, ಭಯ ಮಾತ್ರ ಆಯಿತು. ಆದರೂ ಗ್ಯೋಸೊ ಹೊರಟುಹೋಗುತ್ತಾನಲ್ಲ ಅಂತ ತಡೆಯಲಾರದೆ ಹೋಗಿ ತಲೆಬಾಗಿದ. ಆಮೇಲೆ ತಾನು ಸುಳ್ಳು ಹೇಳಿ ದೊರೆ ಮಾಡಿಬಿಟ್ಟೆ ಅಂತ ಒಳಗೊಳಗೇ ಬೆಂದುಹೋಗುತ್ತಾನೆ. ಕೊನೆಗೆ ಅವನ ಸಂಶಯ ಬಿಡಿಸೋಕೆ ಎನ್ ರಾಜ್ಯದ ದೊರೆ ಬಂದು, ನನಗೆ ನಮಸ್ಕಾರ ಮಾಡು ಅನ್ನುತ್ತಾನೆ. ತೈಕಿ ಪ್ರಯತ್ನ ಪಡುತ್ತಾನೆ. ಕೈ ನೆಲ ಮುಟ್ಟುತ್ತದೆ, ತಲೆ ಮಾತ್ರ ಬಾಗುವುದಿಲ್ಲ. ಹಿಂದಿನಿಂದ ತಳ್ಳಿದರೂ ಬಾಗುವುದಿಲ್ಲ. ತನ್ನ ದೊರೆಯಲ್ಲದವನಿಗೆ ಕಿರಿನ್‌ನ ಕತ್ತು ಬಗ್ಗುವುದೇ ಇಲ್ಲ.

ಹುಡುಗನಿಗೆ ಸಮಾಧಾನವಾಯಿತು, ನಿಜ. ನನಗೆ ಮಾತ್ರ ಆ ದೃಶ್ಯ ನೋಡಿ ಮೈ ಜುಮ್ಮೆಂದಿತು. ಅವನು ಆರಿಸಿದ್ದು ಅಂದುಕೊಂಡದ್ದು ಅವನ ಆಯ್ಕೆಯೇ ಅಲ್ಲ. ತಪ್ಪು ಮಾಡುವ ಅವಕಾಶವೇ ಅವನಿಗಿರಲಿಲ್ಲ. ಇದೇ ಹುಡುಗ ಬರೀ ದೃಷ್ಟಿಯಿಂದ ತೋತೆತ್ಸುವಿನಂಥ ಭಯಂಕರ ಮೃಗವನ್ನು ವಶ ಮಾಡಿಕೊಂಡವನು!

ಎನ್‌ನ ಕಿರಿನ್ ರೊಕುತಾ ಇನ್ನೂ ಒಂದು ಹೆಜ್ಜೆ ಮುಂದೆ. ಅವನಿಗೆ ದೊರೆಗಳು ಅಂದರೇ ಆಗದು. ಜನರನ್ನು ಹಿಂಡುವವರು ಅಂತ ಅವನ ಅನುಭವ. ದೊರೆಯನ್ನು ಆರಿಸಲೇಬಾರದು ಅಂತ ತಪ್ಪಿಸಿಕೊಂಡು ಜಪಾನಿಗೆ ಓಡುತ್ತಾನೆ. ಅಲ್ಲೇ ಸಿಗುತ್ತಾನೆ ಶೋರ್ಯು, ಅವನು ಆರಿಸಬೇಕಾದ ದೊರೆ. ಓಡಿಹೋದದ್ದೂ ಮೇಲಿನವರ ಲೆಕ್ಕದಲ್ಲೇ ಇತ್ತೋ ಏನೋ.

ನಮ್ಮ ಭೀಷ್ಮ ನೆನಪಾಗುತ್ತಾನೆ. ಬೇಕಾದಾಗ ಸಾಯುವ ವರ ಇತ್ತು, ಪರಶುರಾಮನ ಎದುರು ನಿಂತು ಕಾದಾಡಿದ ಬಲ ಇತ್ತು. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಎದ್ದು ನಿಲ್ಲೋಕೆ ಆಗಲಿಲ್ಲ.

ತುಂಗೆದಂಡೆ:
ಭೀಷ್ಮನ ಮಾತು ಬಂದದ್ದು ಒಳ್ಳೆಯದಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಭೀಷ್ಮ ತನ್ನ ಕೈಯಾರೆ ಪ್ರತಿಜ್ಞೆ ಮಾಡಿ ಕಟ್ಟಿಕೊಂಡವನು. ಮುರಿಯಬಹುದಿತ್ತು, ಮುರಿಯಲಿಲ್ಲ. ಸತ್ಯವತಿಯೇ ಮುರಿ ಅಂದಳು, ಆದರೂ ಕೇಳಲಿಲ್ಲ. ಅದು ಅವನ ನಿರ್ಧಾರವೇ, ಹೊಣೆಯೂ ಅವನದ್ದೇ. ತೈಕಿ ಯಾವ ಪ್ರತಿಜ್ಞೆ ಮಾಡಿದ್ದ? ಹುಟ್ಟಿದ ರೀತಿಯೇ ಅವನ ಸಂಕೋಲೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಭೀಷ್ಮನಿಗೆ ಸುಮ್ನೆ ರಿಯಾಯಿತಿ ಕೊಟ್ಟ ಹಾಗಾಗುತ್ತದೆ.

ರಾತ್ರಿಪಾಳಿ:
ಸರಿ, ನನ್ನ ಉದಾಹರಣೆ ಅಟ್ಯಾಕ್ ಆನ್ ಟೈಟನ್‌ನ ನಾಯಕ ಎರೆನ್. ಬಲ ಮತ್ತು ಸ್ವಾತಂತ್ರ್ಯ ಅಂದರೆ ಅವನನ್ನು ಬಿಟ್ಟು ಮಾತಾಡೋಕೆ ಆಗುತ್ತಾ?

ಹಜಿಮೆ ಇಸಾಯಾಮಾ 2009ರಲ್ಲಿ ಶುರು ಮಾಡಿ 2021ರಲ್ಲಿ ಮುಗಿಸಿದ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಅದು. ಅನಿಮೆ 2013ರಿಂದ 2023ರವರೆಗೆ ಬಂತು. ಎರೆನ್ ಮೊದಲ ದಿನದಿಂದ ಕೂಗುತ್ತಿದ್ದದ್ದು ಒಂದೇ, ನಾನು ಸ್ವತಂತ್ರ. ಟೈಟನ್ ಅನ್ನುವ ನರಭಕ್ಷಕ ದೈತ್ಯರಿಗೆ ಹೆದರಿ ಗೋಡೆಯ ಒಳಗೆ ಬದುಕುವುದು ದನದ ಕೊಟ್ಟಿಗೆ ಅಂತ ಅವನ ಸಿಟ್ಟು. ಕೊನೆಗೆ ಎಲ್ಲ ಟೈಟನ್‌ಗಳನ್ನೂ ಆಳುವ ಫೌಂಡಿಂಗ್ ಟೈಟನ್ ಶಕ್ತಿ ಅವನ ಕೈಗೆ ಬಂತು. ಗೋಡೆಗಳೊಳಗಿದ್ದ ಅಷ್ಟೂ ಟೈಟನ್‌ಗಳು ಅವನ ಒಂದು ಮಾತಿಗೆ ಹೊರಟು ಜಗತ್ತನ್ನೇ ತುಳಿದವು. ನೂರಕ್ಕೆ ಎಂಬತ್ತು ಜನ ಸತ್ತರು. ಒಬ್ಬ ಮನುಷ್ಯನಿಗೆ ಇದಕ್ಕಿಂತ ಜಾಸ್ತಿ ಬಲ ಯಾವ ಕಥೆ ಕೊಟ್ಟಿದೆ?

ಈಗ ನನ್ನ ಮೊದಲಿನ ವಾದಕ್ಕೇ ಎರೆನ್ ತೊಡಕಾಗುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಎರೆನ್‌ನಲ್ಲಿದ್ದ ಇನ್ನೊಂದು ಶಕ್ತಿ ಅಟ್ಯಾಕ್ ಟೈಟನ್. ಅದಕ್ಕೆ ಮುಂದಿನ ವಾರಸುದಾರನ ನೆನಪುಗಳು ಕಾಣುತ್ತವೆ. ರಾಣಿ ಹಿಸ್ಟೋರಿಯಾಳ ಕೈಗೆ ಮುತ್ತಿಟ್ಟ ಕ್ಷಣದಲ್ಲಿ ಎರೆನ್ ತಾನು ಮುಂದೆ ಮಾಡಲಿರುವುದನ್ನು ನೋಡಿಬಿಟ್ಟ. ಆಮೇಲೆ ನಾಲ್ಕು ವರ್ಷ ಅವನು ಬದುಕಿದ್ದು ಆಗಲೇ ಬರೆದಿಟ್ಟ ಪುಟದ ಮೇಲೆ ಪೆನ್ನು ಎಳೆದ ಹಾಗೆ. ಅಪ್ಪ ಗ್ರಿಶಾನ ಹಿಂದೆ ನಿಂತು ಫೌಂಡಿಂಗ್ ಟೈಟನ್ ಇಟ್ಟುಕೊಂಡಿದ್ದ ರೀಸ್ ಮನೆತನದವರನ್ನು ಕೊಲ್ಲು ಅಂತ ಹುರಿದುಂಬಿಸಿದವನೂ ಅವನೇ. ಗ್ರಿಶಾಗೆ ಮಕ್ಕಳನ್ನು ಕೊಲ್ಲಲು ಕೈ ಬರುತ್ತಿರಲಿಲ್ಲ. ಮಗ ಬಂದು ಮಾಡಿಸಿದ. ಅಂದರೆ ತನಗೆ ಶಕ್ತಿ ಸಿಗುವಂತೆ ತಾನೇ ಹಿಂದಕ್ಕೆ ಹೋಗಿ ಮಾಡಿಸಿದ. ಇಂಥ ಉಂಗುರದೊಳಗೆ ಮೊದಲ ನಿರ್ಧಾರ ಎಲ್ಲಿದೆ? ನನಗೆ ಕಾಣುವುದಿಲ್ಲ.

ಸಂಪಿಗೆಮರ:
ರಾತ್ರಿಪಾಳಿ ಅವರೇ, ಎರೆನ್‌ಗೆ ಬೇರೆ ದಾರಿಯೇ ಇರಲಿಲ್ಲ ಅಂತ ಹೇಳುವವರ ಹತ್ತಿರ ನಾನು ಯಾವಾಗಲೂ ರಾಮ್ಜಿ ಬಗ್ಗೆ ಕೇಳುತ್ತೇನೆ.

ಗೋಡೆಗಳಾಚೆಯ ಮಾರ್ಲೆ ದೇಶದ ಬೀದಿಯಲ್ಲಿ ಪರ್ಸು ಕದ್ದ ಹುಡುಗ. ಜನ ಸೇರಿ ಅವನನ್ನು ಹೊಡೆಯುತ್ತಿರುತ್ತಾರೆ. ಎರೆನ್ ಮೊದಲು ಮುಂದಕ್ಕೆ ನಡೆದುಬಿಡುತ್ತಾನೆ. ತಾನು ಮುಂದೊಂದು ದಿನ ಇದೇ ಹುಡುಗನನ್ನು ತುಳಿದು ಕೊಲ್ಲುವವನು, ಈಗ ಕಾಪಾಡುವ ನೈತಿಕತೆ ತನಗೆಲ್ಲಿದೆ ಅಂತ. ಆದರೂ ತಿರುಗಿ ಬಂದು ಕಾಪಾಡುತ್ತಾನೆ. ಆಮೇಲೆ ಆ ಹುಡುಗನ ಎದುರು ಕುಸಿದು ಅಳುತ್ತಾ ಕ್ಷಮೆ ಕೇಳುತ್ತಾನೆ. ಆ ಹುಡುಗನಿಗೆ ಅವನ ಭಾಷೆಯೇ ಅರ್ಥವಾಗುವುದಿಲ್ಲ.

ಆ ಅಳುವಿನ ನಡುವೆ ಎರೆನ್ ಒಂದು ಮಾತು ಬಾಯಿಬಿಡುತ್ತಾನೆ. ಗೋಡೆಯ ಆಚೆಗಿನ ಜಗತ್ತು ತಾನು ಗೆಳೆಯ ಆರ್ಮಿನ್‌ನ ಪುಸ್ತಕದಲ್ಲಿ ಕಂಡಂತೆ ಇರಲಿಲ್ಲ, ಅಲ್ಲಿ ಮನುಷ್ಯರಿದ್ದರು, ಅದು ತನಗೆ ನಿರಾಶೆಯಾಯಿತು ಅಂತ. ಎಲ್ಲವನ್ನೂ ಒರೆಸಿಹಾಕಿದ ನೆಲ ನೋಡಬೇಕು ಅಂತ ಅವನಿಗೆ ಆಸೆ ಇತ್ತು. ಕೊನೆಗೆ ಆರ್ಮಿನ್ ಹತ್ತಿರವೂ ಇದನ್ನೇ ಹೇಳಿಕೊಳ್ಳುತ್ತಾನೆ. ಭವಿಷ್ಯ ಕಾಣದಿದ್ದರೂ ತಾನು ಇದನ್ನು ಮಾಡುತ್ತಿದ್ದೆ ಅನ್ನುವ ಅರ್ಥದಲ್ಲಿ. ಹಾಗಾಗಿ ಉಂಗುರ, ವಿಧಿ ಅನ್ನೋದೆಲ್ಲ ಅವನಿಗೆ ಸಿಕ್ಕ ನೆಪ. ಒಳಗೆ ಆಸೆ ಇತ್ತು, ಶಕ್ತಿ ಬಂತು, ಮಾಡಿದ. ಅವನನ್ನು ವಿಧಿಯ ಗೊಂಬೆ ಅಂದರೆ ಸತ್ತವರಿಗೆ ಅನ್ಯಾಯ.

ರಾತ್ರಿಪಾಳಿ:
ಆಸೆ ಇದ್ದದ್ದು ನಿಜ. ಆದರೆ ಆ ಆಸೆಯನ್ನೇ ಅವನು ಆರಿಸಿಕೊಂಡನಾ? ಅದೇ ಕಥೆಯ ಕೆನ್ನಿ ಸಾಯುವಾಗ ಸೋದರಳಿಯ ಲೀವಾಯಿಗೆ ಹೇಳಿದ್ದು ಅದನ್ನೇ ಅಲ್ವಾ. ತಾನು ಕಂಡವರೆಲ್ಲ ಯಾವುದೋ ಒಂದಕ್ಕೆ ಅಮಲೇರಿದವರೇ, ಯಾವುದೋ ಒಂದಕ್ಕೆ ಗುಲಾಮರೇ ಅಂತ. ಎರೆನ್ ಸ್ವಾತಂತ್ರ್ಯಕ್ಕೇ ಗುಲಾಮನಾದ. ಇಸಾಯಾಮಾ ಅವರ ಇಡೀ ಕಥೆ ನಿಂತಿರುವುದೇ ಆ ಗಂಟಿನ ಮೇಲೆ.

ಮೂರನೇಬೆಂಚು:
ಎರೆನ್ ಬಗ್ಗೆ ಇಷ್ಟು ಮಾತು ಆಯಿತು, ಮೊದಲ ಟೈಟನ್ ಯಿಮಿರ್ ಬಗ್ಗೆ ಒಬ್ಬರೂ ಹೇಳಲಿಲ್ಲ! ಈ ಚರ್ಚೆಯ ನಿಜವಾದ ಪಾತ್ರ ಅವಳೇ.

ಹಂದಿಗಳನ್ನು ಬಿಟ್ಟಳು ಅನ್ನುವ ಆರೋಪ ಹೊತ್ತ ಗುಲಾಮ ಹುಡುಗಿ. ಕಾಡಿಗೆ ಅಟ್ಟಿ ಬೇಟೆಯಾಡುತ್ತಾರೆ. ಮರದ ಪೊಟರೆಯೊಳಗೆ ಬಿದ್ದು ಟೈಟನ್ ಆಗುತ್ತಾಳೆ. ಆ ಕ್ಷಣದಿಂದ ಭೂಮಿಯ ಮೇಲೆ ಅವಳನ್ನು ಮೀರಿಸುವವರು ಯಾರೂ ಇಲ್ಲ. ಅವಳು ಏನು ಮಾಡುತ್ತಾಳೆ? ತನ್ನನ್ನು ಬೇಟೆಯಾಡಿಸಿದ ರಾಜನ ಬಳಿಗೇ ವಾಪಸ್ ಹೋಗುತ್ತಾಳೆ. ಅವನಿಗೆ ರಸ್ತೆ ಕಡಿಯುತ್ತಾಳೆ, ಸೇತುವೆ ಕಟ್ಟುತ್ತಾಳೆ, ಶತ್ರುಗಳನ್ನು ಕೊಲ್ಲುತ್ತಾಳೆ, ಮೂರು ಮಕ್ಕಳನ್ನು ಹೆರುತ್ತಾಳೆ. ಅವನ ಮೇಲೆ ಎಸೆದ ಭರ್ಜಿಗೆ ತಾನು ಅಡ್ಡ ಬೀಳುತ್ತಾಳೆ. ಎದ್ದು ಕೆಲಸ ಮಾಡು ಅನ್ನುತ್ತಾನೆ ಅವನು, ಸಾಯುತ್ತಿರುವವಳ ಮುಂದೆ. ಸತ್ತಮೇಲೂ ಬಿಡುಗಡೆಯಿಲ್ಲ. ಎರಡು ಸಾವಿರ ವರ್ಷ ಮರಳು ಕಲಸಿ ಟೈಟನ್‌ಗಳನ್ನು ಮಾಡುತ್ತಾ ಕೂತಳು.

ರಾತ್ರಿಪಾಳಿ ಅವರು ಬಲ ಮೊದಲು ಅಂದರಲ್ಲ, ಇಲ್ಲಿ ನೋಡಿ. ಬಲ ಬಂತು, ಸಂಕೋಲೆ ಬಿಚ್ಚಲಿಲ್ಲ. ಗುಲಾಮಳಾಗಿ ಬೆಳೆದವಳಿಗೆ ಬೇಡ ಅನ್ನುವ ಮಾತೊಂದು ಇದೆ ಅಂತಲೇ ಯಾರೂ ಕಲಿಸಿರಲಿಲ್ಲ. ಎರೆನ್ ಅವಳನ್ನು ಹಿಂದಿನಿಂದ ತಬ್ಬಿ, ನೀನು ದೇವರೂ ಅಲ್ಲ, ಗುಲಾಮಳೂ ಅಲ್ಲ, ಒಬ್ಬ ಮನುಷ್ಯಳು, ನೀನೇ ನಿರ್ಧರಿಸು ಅನ್ನುತ್ತಾನೆ. ಅಷ್ಟು ಹೊತ್ತು ನೆರಳಲ್ಲಿದ್ದ ಅವಳ ಕಣ್ಣು ಆಗ ಮೊದಲ ಸಲ ನಮಗೆ ಕಾಣುತ್ತದೆ. ಆ ಕಂತು ಬಂದದ್ದು 2022ರಲ್ಲಿ. ಇವತ್ತಿಗೂ ಅದನ್ನು ಸರಾಗವಾಗಿ ನೋಡೋಕೆ ನನಗೆ ಆಗುವುದಿಲ್ಲ.

ಸಂಪಿಗೆಮರ:
ಚೆನ್ನಾಗಿ ಹೇಳಿದಿರಿ. ಸಂಕಟ ಏನು ಅಂದರೆ, ಅವಳಿಗೆ ಮೊದಲ ಸಲ ಆಯ್ಕೆ ಕೊಟ್ಟವನು ಆ ಕೂಡಲೇ ಅದನ್ನು ತನ್ನ ಕೆಲಸಕ್ಕೆ ಬಳಸಿಕೊಂಡ. ಅವಳು ಹೂಂ ಅಂದ ಮರುಕ್ಷಣ ಗೋಡೆಗಳು ಬಿದ್ದವು.

ಬೆಳಗಿನಬಸ್ಸು:
ಮಡೋಕಾ ಬಗ್ಗೆ ಬರೆಯುತ್ತೇನೆ. 2011ರ ಸರಣಿ, ಬರೀ 12 ಕಂತು, ಶಾಫ್ಟ್ ಸ್ಟುಡಿಯೋ, ಬರೆದದ್ದು ಗೆನ್ ಉರೊಬುಚಿ. ಜಪಾನಿನಲ್ಲಿ ಆ ವರ್ಷದ ಮಾರ್ಚ್ ಭೂಕಂಪದಿಂದಾಗಿ ಕೊನೆಯ ಕಂತುಗಳು ನಿಂತುಹೋಗಿ ಏಪ್ರಿಲ್‌ನಲ್ಲಿ ಬಂದವು.

ಇದರಲ್ಲಿ ಶಕ್ತಿ ಸಿಗುವುದೇ ಒಪ್ಪಂದದಿಂದ. ಕ್ಯೂಬೇ ಅನ್ನುವ ಪುಟ್ಟ ಪ್ರಾಣಿಯಂಥ ಜೀವಿ ಒಂದು ಆಸೆ ಈಡೇರಿಸುತ್ತದೆ, ಬದಲಿಗೆ ನೀವು ಮಾಂತ್ರಿಕ ಹುಡುಗಿಯಾಗಿ ಮಾಟಗಾತಿಯರ ಜೊತೆ ಹೋರಾಡಬೇಕು. ಕ್ಯೂಬೇ ಸುಳ್ಳು ಹೇಳುವುದಿಲ್ಲ, ಕೇಳದೇ ಇದ್ದದ್ದನ್ನು ಹೇಳುವುದೂ ಇಲ್ಲ. ಆತ್ಮವನ್ನು ಕಿತ್ತು ಒಂದು ಕಲ್ಲಿನೊಳಗೆ ಇಡುತ್ತೇನೆ ಅಂತ ಹೇಳಲಿಲ್ಲ. ಕೊನೆಗೆ ನೀವೇ ಮಾಟಗಾತಿ ಆಗುತ್ತೀರಿ ಅಂತ ಹೇಳಲಿಲ್ಲ. ಸಹಿ ಹಾಕಿದ್ದು ನೀವೇ ಅಲ್ವಾ ಅನ್ನುತ್ತದೆ. ಮಾಮಿ ಅನ್ನುವ ಹುಡುಗಿ ಒಪ್ಪಂದ ಮಾಡಿಕೊಂಡದ್ದು ಅಪಘಾತದಲ್ಲಿ ಸಾಯುತ್ತಿರುವಾಗ. ಅದನ್ನು ಒಪ್ಪಿಗೆ ಅಂತ ಕರೆಯೋಕೆ ನನಗೆ ಮನಸ್ಸು ಬರುವುದಿಲ್ಲ. ಯೋಕೊ ಗಾಬರಿಯಲ್ಲಿ ಹೂಂ ಅಂದದ್ದೂ ಇದೇ ಜಾತಿಯದ್ದು.

ನಾಯಕಿ ಮಡೋಕಾಳ ವಿಷಯ ಇನ್ನೂ ಸಿಕ್ಕು. ಅವಳಲ್ಲಿ ಅಷ್ಟು ದೊಡ್ಡ ಶಕ್ತಿ ಯಾಕೆ ಇದೆ? ಗೆಳತಿ ಹೋಮುರಾ ಅವಳನ್ನು ಉಳಿಸಬೇಕು ಅಂತ ಮತ್ತೆ ಮತ್ತೆ ಕಾಲವನ್ನು ಹಿಂದಕ್ಕೆ ತಿರುಗಿಸಿದಳು. ಪ್ರತಿ ಸಲವೂ ಕರ್ಮದ ಎಳೆಗಳು ಮಡೋಕಾಗೇ ಬಂದು ಸುತ್ತಿಕೊಂಡವು. ಅಂದರೆ ಇವಳ ಬಲ ಇನ್ನೊಬ್ಬಳ ಹಟದ ಫಲ. ಇವಳನ್ನು ಕಾಪಾಡೋಕೆ ಹೋದದ್ದೇ ಇವಳನ್ನು ಕ್ಯೂಬೇಗೆ ಬೇಕಾದವಳನ್ನಾಗಿ ಮಾಡಿತು.

ಆದರೂ ನನಗೆ ಮಡೋಕಾ ಸ್ವತಂತ್ರಳಾಗಿಯೇ ಕಾಣುತ್ತಾಳೆ. ಕಾರಣ 11ನೇ ಕಂತಿನ ಮೆಟ್ಟಿಲಿನ ದೃಶ್ಯ. ಊರಿನವರೆಲ್ಲ ಬಿರುಗಾಳಿಗೆ ಹೆದರಿ ಒಂದು ಕಡೆ ಸೇರಿರುತ್ತಾರೆ. ಮಡೋಕಾ ಹೊರಗೆ ಹೊರಡುತ್ತಾಳೆ. ಅಮ್ಮ ಜುಂಕೊ ಅಡ್ಡ ಬರುತ್ತಾಳೆ, ಕೆನ್ನೆಗೆ ಒಂದು ಬಿಡುತ್ತಾಳೆ. ಮಗಳು ಕಾರಣ ಹೇಳುವುದಿಲ್ಲ. ನಿಮ್ಮ ಪ್ರೀತಿ ನನಗೆ ಗೊತ್ತು, ಅದಕ್ಕೇ ಹೋಗುತ್ತಿದ್ದೇನೆ, ನಂಬಿ ಅನ್ನುತ್ತಾಳೆ. ಅಮ್ಮ ಒಂದೇ ಪ್ರಶ್ನೆ ಕೇಳುತ್ತಾಳೆ: ಯಾರೋ ಹೇಳಿದ್ದಕ್ಕೆ ಮರುಳಾಗಿ ಹೋಗುತ್ತಿಲ್ಲ ತಾನೆ? ಇಲ್ಲ ಅಂದಮೇಲೆ ಬೆನ್ನು ತಟ್ಟಿ ಕಳಿಸುತ್ತಾಳೆ.

ಇಡೀ ಸರಣಿಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಉಳಿದ ಮಾಂತ್ರಿಕ ಹುಡುಗಿಯರಿಗೆ ಕೇಳಿದ್ದರೆ? ಸಯಾಕಾಗೆ? ಮಾಮಿಗೆ? ಕ್ಯೋಕೊಗೆ? ಮಡೋಕಾ ಒಬ್ಬಳಿಗೇ ಎಲ್ಲ ಗೊತ್ತಾದಮೇಲೆ, ಎಲ್ಲರ ಗತಿ ನೋಡಿದಮೇಲೆ ನಿರ್ಧರಿಸುವ ಅವಕಾಶ ಸಿಕ್ಕಿತು. ಆಮೇಲೆ ಅವಳು ಕೇಳಿದ ಆಸೆ ಆ ಒಪ್ಪಂದದ ವ್ಯವಸ್ಥೆಯನ್ನೇ ಬುಡಮೇಲು ಮಾಡಿತು.

ಕೆಂಪುಗೂಡು:
ಆದರೆ ಬೆಲೆ? ಅವಳು ಮನುಷ್ಯಳಾಗಿ ಉಳಿಯಲೇ ಇಲ್ಲ. ಅಪ್ಪ ಅಮ್ಮನಿಗೆ ನೆನಪೂ ಇಲ್ಲ. ಒಬ್ಬ ಹುಡುಗಿ ಜಗತ್ತಿನ ಒಂದು ನಿಯಮ ಆಗಿಬಿಟ್ಟಳು. ನಿಯಮಕ್ಕೆ ನಾಳೆ ಬೆಳಗ್ಗೆ ಎದ್ದು ಮನಸ್ಸು ಬದಲಾಯಿಸೋಕೆ ಆಗುತ್ತಾ? ಆ ಕ್ಷಣದ ನಿರ್ಧಾರ ಅವಳದ್ದೇ, ಒಪ್ಪಿದೆ. ಆದರೆ ಅದು ಅವಳ ಕೊನೆಯ ನಿರ್ಧಾರವೂ ಹೌದು. 2013ರ ಸಿನಿಮಾದಲ್ಲಿ ಹೋಮುರಾ ಮಾಡಿದ್ದನ್ನು ಎಲ್ಲರೂ ಬೈಯುತ್ತಾರೆ. ನನಗೆ ಅವಳ ಸಂಕಟ ಅರ್ಥವಾಗುತ್ತದೆ. ಆದರೆ ಮಡೋಕಾಳನ್ನು ಕೇಳದೇ ಅವಳನ್ನು ಕೆಳಕ್ಕೆ ಎಳೆದದ್ದು ಮತ್ತೆ ಅದೇ ಹಳೇ ಕಥೆ. ಪ್ರೀತಿಯ ಹೆಸರಲ್ಲಿ ಇನ್ನೊಬ್ಬರ ಪರವಾಗಿ ನಿರ್ಧರಿಸುವುದು.

ನೀಲಿಕೊಡೆ:
ಫ್ರೀರೆನ್ ಸರಣಿಯ 10ನೇ ಕಂತು ಯಾರಿಗೂ ನೆನಪಾಗಲಿಲ್ವಾ? ರಾಕ್ಷಸಿ ಔರಾಳ ಹತ್ತಿರ ಒಂದು ತಕ್ಕಡಿ ಇದೆ. ಎರಡು ಕಡೆ ಎರಡು ಆತ್ಮ. ಯಾರ ಮಂತ್ರಬಲ ಜಾಸ್ತಿಯೋ ಅವರು ಹೇಳಿದ್ದನ್ನು ಇನ್ನೊಬ್ಬರು ಕೇಳಲೇಬೇಕು. ಬಲವೇ ನಿರ್ಧಾರ ಅನ್ನುವ ವಾದವನ್ನು ಒಂದು ವಸ್ತು ಮಾಡಿ ಕೈಯಲ್ಲಿ ಹಿಡಿದುಕೊಂಡ ಹಾಗಿದೆ.

ಎಲ್ಲರೂ ಕೊನೆಗೆ ಮಂತ್ರಗಾತಿ ಫ್ರೀರೆನ್ ಗೆದ್ದದ್ದನ್ನೇ ಹೇಳುತ್ತಾರೆ. ಸಾವಿರ ವರ್ಷಕ್ಕೂ ಮಿಕ್ಕಿ ತನ್ನ ಬಲವನ್ನು ಅಡಗಿಸಿಟ್ಟವಳು, ಔರಾ ಮೋಸಹೋದಳು ಅಂತ. ನಾನು ಹೇಳಬೇಕೆಂದಿರುವುದು ಅದಲ್ಲ. ಔರಾಳ ಸೈನಿಕರಿಗೆ ತಲೆ ಇಲ್ಲ, ಗಮನಿಸಿದ್ದೀರಾ? ಯಾಕೆ ಅಂದರೆ ಗಟ್ಟಿ ಮನಸ್ಸಿನವರು ತಕ್ಕಡಿ ಸೋತಮೇಲೂ ಸ್ವಲ್ಪ ಹೊತ್ತು ಎದುರು ನಿಲ್ಲಬಲ್ಲರು. ಅದಕ್ಕೇ ಅವಳು ಅವರ ತಲೆ ಕಡಿದು ದೇಹ ಮಾತ್ರ ಇಟ್ಟುಕೊಂಡಳು. ಬಲದ ಲೆಕ್ಕದಲ್ಲಿ ಅವರು ಸೋತವರೇ. ಆದರೂ ಗೆದ್ದವಳಿಗೆ ಅವರ ಮನಸ್ಸಿನ ಮೇಲೆ ಭಯ ಇತ್ತು. ರಾತ್ರಿಪಾಳಿ ಅವರು ಇದಕ್ಕೆ ಏನು ಹೇಳುತ್ತಾರೋ ನೋಡಬೇಕು.

ರಾತ್ರಿಪಾಳಿ:
ಇದು ಒಳ್ಳೆಯ ಏಟು, ಯೋಚಿಸುತ್ತೇನೆ. ಆದರೆ ಎದುರು ನಿಂತವರ ತಲೆ ಹೋಯಿತಲ್ಲ! ಉಳಿಸಿದ್ದು ಕೊನೆಗೆ ಫ್ರೀರೆನ್‌ಳ ಬಲವೇ.

ಹೊಸಕೆರೆ:
ಓವರ್‌ಲಾರ್ಡ್ ಸರಣಿಯ ಅಸ್ಥಿಪಂಜರದ ದೊರೆ ಐನ್ಸ್ ಬಗ್ಗೆ ಎರಡು ಸಾಲು. ಇಡೀ ಲೋಕದಲ್ಲಿ ಅವನಿಗೆ ಸಮ ಇಲ್ಲ. ಆದರೆ ತನ್ನ ಸೇವಕರ ಮುಂದೆ ಒಂದು ಸಲವೂ ನನಗೆ ಗೊತ್ತಿಲ್ಲ ಅನ್ನೋಕೆ ಆಗದು. ಕನ್ನಡಿ ಮುಂದೆ ನಿಂತು ದೊರೆಯ ಗತ್ತು ಅಭ್ಯಾಸ ಮಾಡುತ್ತಾನೆ. ಆಕಾಶ ನೋಡುತ್ತಾ ಜಗತ್ತನ್ನು ಗೆಲ್ಲುವ ಬಗ್ಗೆ ಸುಮ್ನೆ ಆಡಿದ ಒಂದು ಮಾತು ಸೇವಕ ಡೆಮಿಯರ್ಜ್ ಪಾಲಿಗೆ ಆಜ್ಞೆಯಾಯಿತು. ಭಾವನೆ ಒಂದು ಮಟ್ಟ ಮೀರಿದರೆ ಅವನ ಎಲುಬಿನ ದೇಹವೇ ಅದನ್ನು ಅದುಮಿಬಿಡುತ್ತದೆ. ನೆಮ್ಮದಿಯಾಗಿ ಅಳೋಕೂ ಸ್ವಾತಂತ್ರ್ಯ ಇಲ್ಲ. ಅವನನ್ನು ನೋಡಿ ಎಲ್ಲರೂ ಖುಷಿಪಡುವಾಗ ನನಗೆ ಬೇಸರವಾಗುತ್ತದೆ. ಜೊತೆಗೆ ಅವನಿಂದ ಸತ್ತವರ ಬಗ್ಗೆ ಸಿಟ್ಟೂ ಇದೆ. ಎರಡೂ ಒಟ್ಟಿಗೇ ಇರಬಹುದು.

ಸಂಪಿಗೆಮರ:
ಒಂದು ಕಹಿ ಮಾತೂ ಬರಲಿ. ಪಾತ್ರಕ್ಕೆ ಸ್ವಂತ ನಿರ್ಧಾರ ಇದೆ ಅಂತ ತೋರಿಸಿ ವಾಸ್ತವದಲ್ಲಿ ಕಿತ್ತುಕೊಳ್ಳುವ ಕಥೆಗಳೂ ಇವೆ. ಶೀಲ್ಡ್ ಹೀರೋ ಸರಣಿಯಲ್ಲಿ ರಫ್ತಾಲಿಯಾಳ ಗುಲಾಮಗಿರಿಯ ಮುದ್ರೆ ಅಳಿಸಿಹೋಗುತ್ತದೆ. ಅವಳು ತಾನಾಗಿ ಹೋಗಿ ಅದನ್ನು ಮತ್ತೆ ಹಾಕಿಸಿಕೊಳ್ಳುತ್ತಾಳೆ, ನಾಯಕ ನವೋಫುಮಿಗೆ ನಂಬಿಕೆ ಬರಲಿ ಅಂತ. ಅವಳ ಆಯ್ಕೆ ಅಲ್ವಾ ಅಂತ ಅಭಿಮಾನಿಗಳು ಕೇಳುತ್ತಾರೆ. ಬೇಡ ಅಂದರೆ ಏನಾಗುತ್ತಿತ್ತು ಅಂತ ಕಥೆ ಒಂದು ನಿಮಿಷವಾದರೂ ಯೋಚಿಸಿದೆಯಾ? ಇಲ್ಲ. ನಾಯಕನಿಗೆ ಹಿತವಾಗುವ ಉತ್ತರವನ್ನು ಅವಳ ಬಾಯಲ್ಲಿ ಇಟ್ಟರು, ಅಷ್ಟೇ.

ಇದಕ್ಕೆ ಎದುರಾಗಿ ಯೋನಾ ಆಫ್ ದ ಡಾನ್‌ನ ಜೇಹಾನನ್ನು ನೋಡಿ. ನಾಲ್ವರು ಡ್ರಾಗನ್ ಯೋಧರಲ್ಲಿ ಹಸಿರು ಡ್ರಾಗನ್ ಇವನು, ಬಲಗಾಲಲ್ಲಿ ಶಕ್ತಿ, ಆಕಾಶಕ್ಕೇ ಜಿಗಿಯಬಲ್ಲ. ಅದೇ ಕಾಲಿಗೆ ಚಿಕ್ಕಂದಿನಲ್ಲಿ ಊರಿನವರು ಸರಪಳಿ ಹಾಕಿದ್ದರು. ದೊರೆಯ ವಂಶವನ್ನು ಕಂಡರೆ ಡ್ರಾಗನ್ ರಕ್ತ ತಾನಾಗಿ ಎಳೆಯುತ್ತದೆ, ಹೋಗಿ ಸೇವೆ ಮಾಡು ಅಂತ. ರಾಜಕುಮಾರಿ ಯೋನಾಳನ್ನು ಕಂಡಾಗ ಜೇಹಾಗೂ ಆ ಸೆಳೆತ ಬರುತ್ತದೆ. ಅವನು ಬೇಡ ಅನ್ನುತ್ತಾನೆ! ನನಗೆ ಕಡಲುಗಳ್ಳರ ಜೊತೆಗಿನ ಬದುಕೇ ಸಾಕು, ರಕ್ತ ಹೇಳಿದ್ದನ್ನು ಕೇಳುವುದಿಲ್ಲ ಅಂತ.

ಯೋನಾ ಏನು ಮಾಡುತ್ತಾಳೆ ಗೊತ್ತಾ? ಒತ್ತಾಯ ಮಾಡುವುದಿಲ್ಲ. ಬರುವುದಿಲ್ಲ ಅಂದರೆ ಬೇಡ ಬಿಡು ಅನ್ನುತ್ತಾಳೆ. ಆವಾದ ಬಂದರಿನಲ್ಲಿ ಹೆಣ್ಣುಮಕ್ಕಳನ್ನು ಮಾರುತ್ತಿರುವವರ ವಿರುದ್ಧ ನಿಲ್ಲೋದಕ್ಕೆ ಸಮುದ್ರದ ಮೇಲಿನ ಬಂಡೆ ಹಿಡಿದು ನಡೆದು ಔಷಧಿ ಸೊಪ್ಪು ತರುತ್ತಾಳೆ. ಅವಳಿಗೆ ಯಾವ ಮಂತ್ರಬಲವೂ ಇಲ್ಲ, ಬಿಲ್ಲು ಹಿಡಿಯೋಕೆ ಈಗಷ್ಟೇ ಕಲಿತವಳು. ಅದನ್ನೆಲ್ಲ ಕಣ್ಣಾರೆ ಕಂಡ ಮೇಲೆ ಜೇಹಾ ತಾನಾಗಿ ಹೊರಡುತ್ತಾನೆ. ರಕ್ತ ಕರೆದದ್ದಕ್ಕಲ್ಲ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ನಡುವೆ ಬೇಡ ಅನ್ನುವ ಮಾತು ಬಂದುಹೋಗಿದೆ, ಅದಕ್ಕೆ ಶಿಕ್ಷೆ ಆಗಿಲ್ಲ.

ನೀಲಿಕೊಡೆ:
ಶಕ್ತಿಯನ್ನು ಬಿಟ್ಟುಕೊಟ್ಟವರಲ್ಲಿ ಎಡ್ವರ್ಡ್ ಎಲ್ರಿಕ್ ಇದ್ದಾನೆ. ಫುಲ್‌ಮೆಟಲ್ ಆಲ್ಕೆಮಿಸ್ಟ್ ಬ್ರದರ್‌ಹುಡ್‌ನ ಕೊನೆಯಲ್ಲಿ ತಮ್ಮನನ್ನು ವಾಪಸ್ ತರೋಕೆ ತನ್ನ ರಸವಿದ್ಯೆಯನ್ನೇ ಕೊಟ್ಟುಬಿಟ್ಟ. ಗೆಳೆಯರಿದ್ದಾರಲ್ಲ, ವಿದ್ಯೆ ಇಲ್ಲದಿದ್ದರೇನು ಅಂದ. ನಾನು ಮಾತ್ರ ನಿರ್ಧರಿಸುವವನು, ಬೆಲೆಯೂ ನನ್ನದೇ ಅನ್ನುವ ಸ್ಪಷ್ಟತೆ ಇಷ್ಟವಾಗುತ್ತದೆ.

ತುಂಗೆದಂಡೆ:
ಎಲ್ಲರ ಬರಹ ಓದಿ ಖುಷಿಯಾಯಿತು. ರಾತ್ರಿಪಾಳಿ ಅವರ ಬಲ ಮೊದಲು ಅನ್ನುವ ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಉತ್ತರ ಯೋಕೊಳ ಕಥೆಯಲ್ಲೇ ಇದೆ.

ಆ ಲೋಕಕ್ಕೆ ಬಂದಮೇಲೆ ಅವಳನ್ನು ಎಲ್ಲರೂ ಮೋಸ ಮಾಡುತ್ತಾರೆ. ಒಬ್ಬಳು ಊಟ ಹಾಕಿ, ವೇಶ್ಯಾಗೃಹಕ್ಕೆ ಮಾರಲು ನೋಡುತ್ತಾಳೆ. ಜಪಾನಿನವನೇ ಆದ ಮುದುಕ ಇದ್ದಬದ್ದ ಸಾಮಾನು ಕದಿಯುತ್ತಾನೆ. ಕೊನೆಗೆ ಮಳೆಯಲ್ಲಿ ಬಿದ್ದಿದ್ದವಳನ್ನು ರಕುಶುನ್ ಎತ್ತಿಕೊಂಡು ಹೋಗಿ ಆರೈಕೆ ಮಾಡುತ್ತಾನೆ. ಇಲಿಯ ರೂಪದ ಅರೆಮನುಷ್ಯ. ಅವನ ರಾಜ್ಯದಲ್ಲಿ ಅಂಥವರಿಗೆ ಕೆಲಸ ಇಲ್ಲ, ಶಾಲೆ ಇಲ್ಲ. ಇಬ್ಬರೂ ದಾರಿ ಹಿಡಿದು ಹೊರಡುತ್ತಾರೆ. ರಾಕ್ಷಸ ಹಕ್ಕಿಗಳು ಎರಗುತ್ತವೆ. ಯೋಕೊ ಎಲ್ಲವನ್ನೂ ಕಡಿಯುತ್ತಾಳೆ. ರಕುಶುನ್ ಗಾಯಗೊಂಡು ಬಿದ್ದಿದ್ದಾನೆ, ಕಾವಲುಗಾರರು ಬರುತ್ತಿದ್ದಾರೆ. ಅವಳು ಅವನನ್ನು ಬಿಟ್ಟು ಓಡುತ್ತಾಳೆ. ಓಡುವಾಗ ಇನ್ನೊಂದು ಯೋಚನೆ ಬರುತ್ತದೆ. ವಾಪಸ್ ಹೋಗಿ ಅವನನ್ನು ಕೊಂದುಬಿಡಲೇ? ನನ್ನ ಬಗ್ಗೆ ಬಾಯಿಬಿಟ್ಟರೆ?

ಆ ಹೊತ್ತಿಗೆ ಅವಳಿಗೆ ಬಲಕ್ಕೆ ಏನೂ ಕಮ್ಮಿ ಇರಲಿಲ್ಲ. ಆ ಬಲವೇ ಕೊಲ್ಲುವ ಯೋಚನೆಯನ್ನು ಸಲೀಸು ಮಾಡಿತು. ಆ ಯೋಚನೆ ಬಂದದ್ದಕ್ಕೇ ಬೆಚ್ಚಿ ನಿಂತಾಗ ಅವಳು ಒಂದು ತೀರ್ಮಾನಕ್ಕೆ ಬರುತ್ತಾಳೆ. ಬೇರೆಯವರು ಮೋಸ ಮಾಡುತ್ತಾರೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು. ನಾನು ನಂಬುವುದು ನನಗೆ ಬಿಟ್ಟದ್ದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಲೋಕದಲ್ಲಿ ಅವಳ ಮೊದಲ ಸ್ವಂತ ನಿರ್ಧಾರ ಇದು. ಜೋಯೂ ಇಲ್ಲಿ ಏನೂ ಸಹಾಯ ಮಾಡಲಿಲ್ಲ.

ಆಮೇಲೆ ಸಿಂಹಾಸನದ ಪ್ರಶ್ನೆ ಬಂದಾಗ ಅವಳು ಸಲಹೆ ಕೇಳುವುದು ಯಾವ ಬಲವೂ ಇಲ್ಲದ ರಕುಶುನ್‌ನನ್ನು. ಅವನು ಹೀಗೆ ಮಾಡು ಅನ್ನುವುದಿಲ್ಲ. ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಮಾಡಬೇಕಾದ್ದನ್ನು ಆರಿಸು, ಹೇಗಿದ್ದರೂ ಪಶ್ಚಾತ್ತಾಪ ಇದ್ದದ್ದೇ, ಹಗುರವಾದದ್ದು ಇರಲಿ ಅನ್ನುತ್ತಾನೆ. ಶಾಲೆಯಲ್ಲಿ ಗಾಬರಿಯಲ್ಲಿ ಆದ ಒಪ್ಪಂದಕ್ಕೆ ಅವಳು ನಿಜವಾಗಿ ಒಪ್ಪಿದ್ದು ಆಗ.

ದೊರೆಯಾದಮೇಲೆ ಅವಳು ಹೊರಡಿಸಿದ ಮೊದಲ ಆಜ್ಞೆ ಏನು? ನೆಲಕ್ಕೆ ಹಣೆ ಹಚ್ಚಿ ಅಡ್ಡಬೀಳುವುದನ್ನು ರದ್ದು ಮಾಡಿದಳು. ಉತ್ಸವ, ವಿಧಿ, ಬೇರೆ ರಾಜ್ಯದ ಅತಿಥಿಗಳು, ಇಷ್ಟಕ್ಕೆ ಮಾತ್ರ ವಿನಾಯಿತಿ. ಮಂತ್ರಿಗಳಿಗೆ ಸಿಟ್ಟು ಬರುತ್ತದೆ ಅಂತ ಕೇಕಿ ಅಂದರೂ ಕೇಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ತಾವೇ ದೊರೆ ಆಗಬೇಕು, ತಲೆ ಎತ್ತಿ ನಿಲ್ಲಬೇಕು ಅಂತ ಅವಳ ಮಾತಿನ ಸಾರ. ಕಾಲಿಗೆ ಹಣೆ ಹಚ್ಚಿಸಿಕೊಂಡು ದೊರೆಯಾದವಳು ಅವಳು.

ರಾತ್ರಿಪಾಳಿ:
ಓದಿದೆ, ಮನಸ್ಸಿಗೆ ತಟ್ಟಿತು. ಆದರೂ ಕೇಳುತ್ತೇನೆ. ಆ ಆಜ್ಞೆ ಹೊರಡಿಸೋಕೆ ದೊರೆಯ ಅಧಿಕಾರ ಬೇಕಾಯಿತಲ್ಲ? ಬೀದಿಯ ಹುಡುಗಿ ಅಡ್ಡಬೀಳಬೇಡಿ ಅಂದಿದ್ದರೆ ಆಗುತ್ತಿತ್ತಾ?

ಮೂರನೇಬೆಂಚು:
ಆಗುತ್ತಿರಲಿಲ್ಲ. ಆದರೆ ಬಲವೇ ಇಲ್ಲದೆ ತನ್ನ ನಿರ್ಧಾರಕ್ಕೆ ಒದ್ದಾಡಿದ ಹುಡುಗಿಯೂ ಅದೇ ಸರಣಿಯಲ್ಲಿ ಇದ್ದಾಳೆ, ಸುಗಿಮೊಟೊ. ಕಾದಂಬರಿಯಲ್ಲಿ ಯೋಕೊ ಆ ಲೋಕಕ್ಕೆ ಒಬ್ಬಳೇ ಬರುತ್ತಾಳೆ. ಅನಿಮೆ ಮಾಡಿದವರು ಸುಗಿಮೊಟೊ ಮತ್ತು ಅಸಾನೊ ಅನ್ನುವ ಇಬ್ಬರು ಸಹಪಾಠಿಗಳನ್ನು ಜೊತೆಗೆ ಕಳಿಸಿದರು.

ಸುಗಿಮೊಟೊ ಶಾಲೆಯಲ್ಲಿ ಎಲ್ಲರೂ ದೂರ ಇಟ್ಟ ಹುಡುಗಿ. ಫ್ಯಾಂಟಸಿ ಪುಸ್ತಕ ಓದಿ ಓದಿ, ಬೇರೆ ಲೋಕವೊಂದು ತನ್ನನ್ನು ಕರೆಯುತ್ತದೆ ಅಂತ ಕಾದವಳು. ಕರೆ ಬಂತು, ಆದರೆ ಪಕ್ಕದ ಡೆಸ್ಕಿನವಳಿಗೆ. ಬೇಡ ಬೇಡ ಅಂತ ಅಳುವವಳಿಗೆ ಕತ್ತಿ ಸಿಕ್ಕಿತು. ಬೇಕು ಅನ್ನುವವಳಿಗೆ ಏನೂ ಇಲ್ಲ. ಅವಳು ಕೋ ರಾಜ್ಯದ ದೊರೆಯ ಪಕ್ಷ ಸೇರಿ ಯೋಕೊಳನ್ನು ಕೊಲ್ಲೋಕೆ ಕತ್ತಿ ಹಿಡಿಯುತ್ತಾಳೆ. ನಾನೇ ಆಯ್ಕೆಯಾದವಳು ಅಂತ ಅವಳಿಗೆ ಅವಳೇ ಹೇಳಿಕೊಳ್ಳುತ್ತಾಳೆ.

ಆಮೇಲೆ ಅವಳಿಗೆ ತನ್ನ ಜಾಗ ಯಾವುದು ಅಂತ ಅರ್ಥವಾಗಿ ಜಪಾನಿಗೆ ವಾಪಸ್ ಹೋಗುತ್ತಾಳೆ, ಅದೇ ಶಾಲೆಗೆ, ಅದೇ ದೂರ ಇಟ್ಟವರ ನಡುವೆ. ಯಾವ ಕಿರಿನ್ ಬಂದೂ ಅವಳಿಗೆ ಹೀಗೆ ಮಾಡು ಅನ್ನಲಿಲ್ಲ. ಈ ಸೇರ್ಪಡೆ ಕಾದಂಬರಿಯ ಅಭಿಮಾನಿಗಳಲ್ಲಿ ಹಲವರಿಗೆ ಹಿಡಿಸಲಿಲ್ಲ, ಯೋಕೊಳ ಒಂಟಿತನ ತೆಳುವಾಯಿತು ಅಂತ. ಆ ಮಾತಿನಲ್ಲೂ ಹುರುಳಿದೆ. ಆದರೆ ಈ ಚರ್ಚೆಯ ಮಟ್ಟಿಗೆ ಸುಗಿಮೊಟೊ ಇಲ್ಲದೆ ಯೋಕೊ ಪೂರ್ತಿ ಆಗುವುದಿಲ್ಲ. ರಾತ್ರಿಪಾಳಿ ಅವರೇ, ನೀವು ಆ ಮೊದಲ 13 ಕಂತುಗಳನ್ನು ಇನ್ನೊಮ್ಮೆ ನೋಡಿ, ಈ ಸಲ ಯೋಕೊಳನ್ನು ಬಿಟ್ಟು ಸುಗಿಮೊಟೊಳನ್ನು ನೋಡುತ್ತಾ. ನೋಡಿ ಬಂದು ಬರೆಯಿರಿ, ಬಲ ಮೊದಲೋ ಅಲ್ಲವೋ ಆಮೇಲೆ ಮುಂದುವರಿಸೋಣ.